ವೈಮಾನಿಕ ಚಿತ್ರಕ್ಕೆ ಹೊಸ ಬಣ್ಣದ ಮುದ್ರಣ: ಒಪ್ಪುವ ಮುನ್ನ ಪರೀಕ್ಷಿಸುವುದು ಹೇಗೆ?

ಸಂಡೂರಿನ ಗಣಿಗಳು, ಗಂಗಾವತಿ–ಸಿಂಧನೂರು ಕಡೆಯ ಭತ್ತದ ಗದ್ದೆಗಳು, ತುಂಗಭದ್ರಾ ಕಾಲುವೆಗಳ ಇಕ್ಕೆಲ ಮೊದಲಾದ ಕಡೆ ಡ್ರೋನ್‌ ಹಾರಿಸಿ ಸಮೀಕ್ಷೆ ಮಾಡಿಸುವವರು, ಆ ಚಿತ್ರಗಳನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಲು ಹೊಸ ಯಂತ್ರ ಕೊಳ್ಳುವಾಗ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ಮಾರುವವರು ತೋರಿಸುವ ಗಿಳಿಯ, ಹೂವಿನ, ಮದುಮಗಳ ಸೀರೆಯ ಚಿತ್ರ ನೋಡಿ ಯಂತ್ರವನ್ನು ಒಪ್ಪಿಬಿಡುತ್ತಾರೆ. ಸಮೀಕ್ಷೆಯ ಚಿತ್ರ ಇರುವುದು ಗೋಡೆಗೆ ತೂಗುಹಾಕಲು ಅಲ್ಲ, ಓದಲು. ಬದು ಎಲ್ಲಿ ಒಡೆದಿದೆ, ನೀರು ಎಲ್ಲಿ ಜಿನುಗಿದೆ, ಗಣಿಯ ಮೆಟ್ಟಿಲಿನ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಹಾಳೆಯ ಮೇಲೆ ಕಾಣದಿದ್ದರೆ ಉಳಿದ ಅಂದಚೆಂದಗಳಿಂದ ಏನೂ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ನಿಮ್ಮದೇ ನೆಲದ ಚಿತ್ರಗಳಿಂದ ಎ1 ಅಳತೆಯ ಒಂದು ಪರೀಕ್ಷಾ ಹಾಳೆ ಸಿದ್ಧಪಡಿಸಿಕೊಳ್ಳಿ. ನೆರಳು ಬಿದ್ದ ಆಳವಾದ ಗಣಿಗುಂಡಿ, ಅಕ್ಕಪಕ್ಕದಲ್ಲಿರುವ ಒದ್ದೆ ಮತ್ತು ಒಣ ಎರೆ ನೆಲ, ಸವಳು ಬಿಳಿಚಿಕೊಂಡ ಹೊಲ, ಬೇರೆ ಬೇರೆ ಹಂತದಲ್ಲಿರುವ ಭತ್ತ: ಈ ನಾಲ್ಕು ತುಣುಕುಗಳು ಅದರಲ್ಲಿರಲೇಬೇಕು. ಜೊತೆಗೆ ಬಿಳಿಯಿಂದ ಕಪ್ಪಿಗೆ ಇಳಿಯುವ 21 ಮೆಟ್ಟಿಲುಗಳ ಬೂದುಪಟ್ಟಿಯನ್ನೂ ಉದ್ದಕ್ಕೂ ಅಡ್ಡಕ್ಕೂ 500 ಮಿ.ಮೀ. ಉದ್ದದ ಒಂದೊಂದು ಗೆರೆಯನ್ನೂ ಸೇರಿಸಿ. ಕಡತವನ್ನು ಬಣ್ಣದ ಪ್ರೊಫೈಲ್‌ (ಬಣ್ಣಗಳು ಹೇಗೆ ಬರಬೇಕೆಂದು ತಿಳಿಸುವ ಮಾಹಿತಿ) ಸಮೇತ ಟಿಫ್‌ ರೂಪದಲ್ಲಿ ಪೆನ್‌ಡ್ರೈವ್‌ನಲ್ಲಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಚಿತ್ರ ಕುಗ್ಗಿಹೋಗುತ್ತದೆ, ಆಮೇಲೆ ಮಾಡುವ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಮುದ್ರಣದ ಪ್ರಮಾಣವನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಒಂದು ಪಿಕ್ಸೆಲ್‌ ನೆಲದ ಮೇಲಿನ 5 ಸೆಂ.ಮೀ.ಗೆ ಸಮವಾಗಿರುವ ಚಿತ್ರವನ್ನು 1:500 ಪ್ರಮಾಣದಲ್ಲಿ ಮುದ್ರಿಸಿದರೆ ಹಾಳೆಯ ಮೇಲೆ ಒಂದು ಪಿಕ್ಸೆಲ್‌ 0.1 ಮಿ.ಮೀ. ಆಗುತ್ತದೆ, ಅಂದರೆ ಇಂಚಿಗೆ 254 ಪಿಕ್ಸೆಲ್‌. ಇದು ಬರಿಗಣ್ಣಿನ ಮಿತಿಗೆ ಹತ್ತಿರದ ಅಳತೆ. ಪೆಟ್ಟಿಗೆಯ ಮೇಲೆ ಬರೆದಿರುವ ‘2400 ಡಿಪಿಐ’ ಶಾಯಿಯ ಹನಿಗಳ ಲೆಕ್ಕವೇ ಹೊರತು ಚಿತ್ರದ ವಿವರದ ಲೆಕ್ಕವಲ್ಲ, ಅದಕ್ಕೆ ಮರುಳಾಗಬೇಡಿ.

ಮುದ್ರಿಸುವ ಮುನ್ನ ನಾಜಲ್‌ (ಶಾಯಿ ಚಿಮ್ಮುವ ರಂಧ್ರ) ಪರೀಕ್ಷೆ ಮಾಡಿಸಿ, ಡ್ರೈವರ್‌ನಲ್ಲಿರುವ (ಯಂತ್ರವನ್ನು ನಡೆಸುವ ಕಂಪ್ಯೂಟರ್‌ ತಂತ್ರಾಂಶ) ‘ತಾನೇ ತಿದ್ದುವ’ ಆಯ್ಕೆಗಳನ್ನೂ ಹಾಳೆಗೆ ಹೊಂದಿಸುವ ಆಯ್ಕೆಯನ್ನೂ ತೆಗೆಸಿ. ಮುದ್ರಿಸಿದ ಹಾಳೆಯನ್ನು ಒಂದು ದಿನ ಒಣಗಲು ಬಿಟ್ಟ ಮೇಲೆಯೇ ನೋಡಬೇಕು, ಏಕೆಂದರೆ ಹಸಿ ಶಾಯಿಯ ಬಣ್ಣ ಒಣಗಿದಂತೆ ಬದಲಾಗುತ್ತದೆ.

ಹೆಚ್ಚಿನವರು ಎಡವುವುದು ಇನ್ನು ಮುಂದಿನ ಹಂತದಲ್ಲಿ, ಅಂದರೆ ಗಾಢ ಮತ್ತು ತೀರಾ ತಿಳಿ ಬಣ್ಣಗಳನ್ನು ಓದುವಾಗ. ಮೊದಲು ಬೂದುಪಟ್ಟಿಯ ಕಪ್ಪು ತುದಿಯನ್ನು ನೋಡಿ. ಕೊನೆಯ ನಾಲ್ಕೈದು ಮೆಟ್ಟಿಲುಗಳು ಒಂದಕ್ಕೊಂದು ಬೇರೆಯಾಗಿ ಕಾಣದಿದ್ದರೆ ಗಣಿಗುಂಡಿಯ ನೆರಳೂ ಒಂದೇ ಕಪ್ಪು ಮುದ್ದೆಯಾಗಿರುತ್ತದೆ. ಅಲ್ಲಿ ಗಣಿಯ ಮೆಟ್ಟಿಲಿನ ಅಂಚಾಗಲಿ ತಳದಲ್ಲಿ ನಿಂತ ನೀರಾಗಲಿ ಕಾಣುವುದಿಲ್ಲ. ಹೀಗಾದಾಗ ಯಂತ್ರವನ್ನು ದೂರುವ ಮೊದಲು ಆ ಕಾಗದಕ್ಕೆ ಸರಿಯಾದ ಪ್ರೊಫೈಲ್‌ ಬಳಸಿದ್ದಾರೆಯೇ ಎಂದು ಕೇಳಿ, ಕಪ್ಪಿನ ಮಿತಿಯನ್ನು ಹೊಂದಿಸುವ ಆಯ್ಕೆಯನ್ನು (ಬ್ಲ್ಯಾಕ್‌ ಪಾಯಿಂಟ್‌ ಕಾಂಪೆನ್ಸೇಶನ್‌) ಹಾಕಿಸಿ ಮತ್ತೊಮ್ಮೆ ಮುದ್ರಿಸಿಸಿ. ಹೊಳಪಿಲ್ಲದ ಮ್ಯಾಟ್‌ ಕಾಗದದಲ್ಲಿ ಕಪ್ಪು ಗಾಢವಾಗಿ ಬರುವುದಿಲ್ಲ. ಹೊಳಪು ಕಾಗದದಲ್ಲಿ ಬರುತ್ತದೆ, ಆದರೆ ಟ್ಯೂಬ್‌ಲೈಟ್‌ ಅದರಲ್ಲಿ ಪ್ರತಿಫಲಿಸಿ ಅರ್ಧ ಹಾಳೆ ಓದಲಾಗುವುದಿಲ್ಲ. ಇವೆರಡರ ನಡುವಿನ ಸ್ಯಾಟಿನ್‌ ಕಾಗದ, ಅದರ ಮೇಲೆ ಪಿಗ್ಮೆಂಟ್‌ ಶಾಯಿ (ಕರಗದ ಬಣ್ಣದ ಕಣಗಳಿರುವ ಶಾಯಿ): ಸಮೀಕ್ಷೆಯ ಕೆಲಸಕ್ಕೆ ಇದನ್ನು ಬಿಟ್ಟು ಬೇರೆಯದನ್ನು ನಾನು ಯಾರಿಗೂ ಹೇಳುವುದಿಲ್ಲ.

ಎರೆ ನೆಲದ ತುಣುಕು ಇನ್ನೂ ಕಠಿಣವಾದ ಪರೀಕ್ಷೆ. ನಾಲ್ಕೇ ಬಣ್ಣದ ಶಾಯಿಯಿರುವ ಯಂತ್ರ ಬೂದು ಛಾಯೆಯ ಬಹುಪಾಲನ್ನು ನೀಲಿ, ಕೆಂಪು, ಹಳದಿಗಳನ್ನು ಬೆರೆಸಿ ತೋರಿಸುವುದರಿಂದ ಬೆಳಕು ಬದಲಾದಂತೆ ಆ ಛಾಯೆಯೂ ಹೊರಳುತ್ತದೆ. ಹಾಳೆಯನ್ನು ಹಗಲಿನಲ್ಲಿ ಕಿಟಕಿಯ ಪಕ್ಕ ಹಿಡಿದು ನೋಡಿ, ಬಳಿಕ ಕಚೇರಿಯ ದೀಪದಡಿ ನೋಡಿ. ಕಪ್ಪು ಮಣ್ಣು ಒಂದೆಡೆ ಹಸಿರಿಗೂ ಇನ್ನೊಂದೆಡೆ ಕೆಂಪಿಗೂ ತಿರುಗಿದರೆ, ಆ ಹಾಳೆ ನೋಡಿ ತೇವ ಎಲ್ಲಿದೆ ಎಂದು ಹೇಳುವುದು ಅಪಾಯ. ಬೂದು ಬಣ್ಣಕ್ಕೇ ಪ್ರತ್ಯೇಕ ಶಾಯಿ ಇರುವ ಯಂತ್ರಗಳಲ್ಲಿ ಈ ದೋಷ ಬಹಳ ಕಡಿಮೆ. ಸಂಡೂರಿನ ಕೆಂಪು ಮಣ್ಣನ್ನೂ ಭೂತಗನ್ನಡಿಯಲ್ಲಿ ನೋಡಿ: ತಿಳಿ ಶಾಯಿಗಳಿಲ್ಲದ ಯಂತ್ರದಲ್ಲಿ ಅದು ರವೆ ಚೆಲ್ಲಿದಂತೆ ಚುಕ್ಕಿಚುಕ್ಕಿಯಾಗಿರುತ್ತದೆ, ಸಣ್ಣ ಜಾಡುಗಳು ಆ ಚುಕ್ಕಿಗಳಲ್ಲೇ ಕಳೆದುಹೋಗುತ್ತವೆ.

ಸವಳು ಹೊಲದಲ್ಲಿ ನೋಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಉಪ್ಪಿನ ಹೊದಿಕೆಗೂ ಒಣಗಿ ಬೆಳ್ಳಗಾದ ಮಣ್ಣಿಗೂ ನಡುವಿನ ಗಡಿ ಹಾಳೆಯ ಮೇಲೆ ಸಿಗಬೇಕು. ಬರಿಯ ಕಾಗದವೇ ಉಳಿದಿದ್ದರೆ ಆ ಮುದ್ರಣವನ್ನು ತಿರಸ್ಕರಿಸಿ. ಕಣ್ಣು ಕುಕ್ಕುವಷ್ಟು ಬೆಳ್ಳಗಿರುವ ಕಾಗದಗಳಲ್ಲಿ ಸಾಮಾನ್ಯವಾಗಿ ಹೊಳಪುಕಾರಕ ರಾಸಾಯನಿಕ ಸೇರಿರುತ್ತದೆ, ಅದರ ಬಿಳುಪು ಬೆಳಕಿಗೆ ಕ್ರಮೇಣ ಹಳದಿಯಾಗುತ್ತದೆ. ಅವಕೆಂಪು (ಇನ್‌ಫ್ರಾರೆಡ್‌) ಚಿತ್ರ ಮುದ್ರಿಸುವವರು ಇನ್ನೂ ಒಂದನ್ನು ಗಮನಿಸಬೇಕು: ಅದರಲ್ಲಿ ಹುಲುಸಾದ ಬೆಳೆ ಕಡುಕೆಂಪಾಗಿ ಕಾಣುವುದು ರೂಢಿ, ಶಾಯಿಗೆ ಆ ಕೆಂಪು ದಕ್ಕದಿದ್ದರೆ ಹುಲುಸಾದ ಭತ್ತಕ್ಕೂ ಸಾಧಾರಣ ಭತ್ತಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಇಷ್ಟಾದ ಮೇಲೆ ಬೇರೆ ಬೇರೆ ಯಂತ್ರಗಳಲ್ಲಿ ಮುದ್ರಿಸಿದ ಹಾಳೆಗಳ ಹಿಂದೆ ಅ, ಆ, ಇ ಎಂದಷ್ಟೇ ಗುರುತು ಹಾಕಿ, ಯಾವುದು ಯಾವ ಯಂತ್ರದ್ದೆಂದು ತಿಳಿಸದೆ ಚಿತ್ರ ಓದಲು ಬರುವ ಮೂವರಿಗೆ ಬೇರೆ ಬೇರೆಯಾಗಿ ಕೊಡಿ. ವಿದ್ಯುತ್‌ ಕಂಬ, ಒಡೆದ ಬದು, ಕಾಲುವೆಯ ತೂಬುಗಳನ್ನು ಅವರು ಎಣಿಸಲಿ. ಸ್ಥಳಕ್ಕೆ ಹೋಗಿ ಎಣಿಸಿದ ಪಟ್ಟಿಯೊಡನೆ ಹೋಲಿಸಿ, ಬಿಟ್ಟುಹೋದವನ್ನೂ ಇಲ್ಲದ್ದನ್ನು ಇದೆಯೆಂದು ಕಂಡವನ್ನೂ ಬೇರೆಬೇರೆ ಬರೆದಿಡಿ. ‘ಯಾವುದು ಚೆನ್ನಾಗಿದೆ?’ ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಬಣ್ಣ ಹೆಚ್ಚಿದ್ದನ್ನೇ ಎತ್ತಿ ತೋರಿಸುತ್ತಾರೆ.

ನಂತರ ಉಕ್ಕಿನ ಅಳತೆಪಟ್ಟಿಯಿಂದ ಎರಡೂ 500 ಮಿ.ಮೀ. ಗೆರೆಗಳನ್ನು ಅಳೆಯಿರಿ. 1:1000 ಪ್ರಮಾಣದಲ್ಲಿ ಹಾಳೆಯ ಮೇಲಿನ ಒಂದು ಮಿ.ಮೀ. ವ್ಯತ್ಯಾಸ ನೆಲದ ಮೇಲೆ ಒಂದು ಮೀಟರ್‌. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್‌ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿದ ಬಳಿಕ ಗುತ್ತಿಗೆ ಗಡಿಗಳ ಅಳತೆ ಎಷ್ಟು ದೊಡ್ಡ ವಿಷಯವಾಯಿತೆಂದು ಬಲ್ಲವರಿಗೆ ಆ ಒಂದು ಮೀಟರಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ. ಅಳತೆಯೇ ಮುಖ್ಯವಾದ ಕಡೆ ಪಾಲಿಯೆಸ್ಟರ್‌ ಫಿಲ್ಮ್‌ ಮೇಲೆಯೇ ಮುದ್ರಿಸಿಸಿ.

ಬಾಳಿಕೆಗಾಗಿ ಹಾಳೆಯ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ಬೇಸಿಗೆ ಇಡಿ. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್‌–ಮೇ ತಿಂಗಳುಗಳಿಗಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಅಗ್ಗಕ್ಕೆ ಸಿಗುವ ರೀಫಿಲ್‌ ಶಾಯಿಯನ್ನು ಒಪ್ಪಲೇಬೇಡಿ. ಶಾಯಿ ಬದಲಾದರೆ ಪ್ರೊಫೈಲ್‌ ಹೊಂದುವುದಿಲ್ಲ, ಇಷ್ಟು ಹೊತ್ತು ಮಾಡಿದ ಪರೀಕ್ಷೆಯೆಲ್ಲ ವ್ಯರ್ಥವಾಗುತ್ತದೆ. ಒಪ್ಪಿದ ಹಾಳೆಯ ಹಿಂದೆ ದಿನಾಂಕ, ಕಾಗದ, ಶಾಯಿ ಮತ್ತು ಡ್ರೈವರ್‌ನ ಆಯ್ಕೆಗಳನ್ನು ಬರೆದು ಕತ್ತಲೆಯ ಕಪಾಟಿನಲ್ಲಿಡಿ. ಶಾಯಿಯ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಅದೇ ಕಡತವನ್ನು ಮುದ್ರಿಸಿ ಅದರ ಪಕ್ಕದಲ್ಲಿಟ್ಟು ನೋಡಿ.