ಕೂಸಿನ ಕುತ್ತಿಗೆ ನಿಲ್ಲುತ್ತಿಲ್ಲವಾ? ಡಾಕ್ಟರಿಗೆ ತೋರಿಸುವ ಮೊದಲು ಇಷ್ಟು ಬರೆದಿಟ್ಟುಕೊಳ್ಳಿ

ವಿಜಯಪುರದಲ್ಲಿ ಮಕ್ಕಳಿಗೆ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಸಿಂದಗಿ, ಇಂಡಿ, ತಾಳಿಕೋಟೆ ಕಡೆಯಿಂದ ಬರುವ ತಾಯಂದಿರಿಗೆ ಮೊದಲು ಹೇಳುವುದು ಒಂದೇ: ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ ತನ್ನಿ. ಕುತ್ತಿಗೆ ನಿಲ್ಲದಿರುವುದು ಸೆರೆಬ್ರಲ್ ಪಾಲ್ಸಿಯ ಲಕ್ಷಣ ಇರಬಹುದು, ಅಂದರೆ ಎಳೆ ಮೆದುಳಿಗೆ ಪೆಟ್ಟಾಗಿ ಮೈಕೈ ಹಿಡಿತಕ್ಕೆ ಬಾರದ ತೊಂದರೆ. ಅದರ ಕಾರಣದ ಸುಳಿವು ಆ ಕಾಗದಗಳಲ್ಲಿರುತ್ತದೆ. ಗ್ರಹಣದ ಹೊತ್ತಿಗೆ ಹೊರಗೆ ಬಂದಳು ಅಂತ ಸೊಸೆಯನ್ನು ಬೈದರೆ ಏನೂ ಸಿಗುವುದಿಲ್ಲ.

ಬಸಿರಿನಿಂದಲೇ ಬರೆಯಿರಿ. ಜ್ವರದ ಜೊತೆ ಮೈಮೇಲೆ ಗುಳ್ಳೆ ಎದ್ದಿತ್ತಾ? ರುಬೆಲ್ಲಾದಂಥ ಸೋಂಕು ಹೊಟ್ಟೆಯಲ್ಲಿರುವ ಕೂಸಿನ ಮೆದುಳಿಗೇ ಪೆಟ್ಟು ಕೊಡಬಹುದು. ಎಷ್ಟನೇ ವಾರಕ್ಕೆ ಹೆರಿಗೆ, ತೂಕ ಎಷ್ಟು? 32 ವಾರಕ್ಕಿಂತ ಮೊದಲು ಹುಟ್ಟಿದ, ಒಂದೂವರೆ ಕಿಲೋ ಕೂಡ ಇಲ್ಲದ ಕೂಸುಗಳಿಗೆ ಅಪಾಯ ಬಹಳ ಜಾಸ್ತಿ. ಸೋದರಮಾವನನ್ನೇ ಮದುವೆಯಾಗಿದ್ದರೆ ಮುಚ್ಚಿಡಬೇಡಿ. ವಂಶದಿಂದ ಬರುವ ಕೆಲವು ಕಾಯಿಲೆಗಳು ಸೆರೆಬ್ರಲ್ ಪಾಲ್ಸಿಯಂತೆಯೇ ಕಾಣುತ್ತವೆ, ಕೆಲವಕ್ಕೆ ಔಷಧವೂ ಇದೆ.

"ಹುಟ್ಟಿದ ಕೂಡಲೇ ಕೂಸು ಅತ್ತಿತ್ತೇನ್ರೀ?" ಅಂತ ಎಲ್ಲರನ್ನೂ ಕೇಳುತ್ತೇನೆ. ಹೆರಿಗೆಯಲ್ಲಿ ಉಸಿರು ಕಟ್ಟಿದ್ದೇ ಕಾರಣ ಅಂತ ಲಂಡನ್ನಿನ ಡಾಕ್ಟರ್ ವಿಲಿಯಂ ಲಿಟಲ್ 1861ರಲ್ಲೇ ಹೇಳಿದ್ದರು. ಈಗಿನ ಲೆಕ್ಕ ಬೇರೆ. ಶ್ರೀಮಂತ ದೇಶಗಳಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಮಾತ್ರ ಅದು ಕಾರಣ. ನಮ್ಮಲ್ಲಿ ಅದಕ್ಕಿಂತ ಜಾಸ್ತಿ.

ಕಾಮಣಿ ವಿಷಯ ಚೆನ್ನಾಗಿ ನೆನಪು ಮಾಡಿಕೊಳ್ಳಿ. ಮೊದಲ ದಿನವೇ ಹಳದಿ ಕಂಡಿತ್ತಾ? ಅಂಗೈ, ಅಂಗಾಲಿನ ತನಕ ಇಳಿದಿತ್ತಾ? ತಾಯಿಯದು ನೆಗೆಟಿವ್ ರಕ್ತವಾ? ನೀಲಿ ಲೈಟಿನ ಕೆಳಗೆ ಇಟ್ಟಿದ್ದರಾ? ಕಾಮಣಿ ಮೆದುಳಿಗೆ ಏರಿದ ಮಗು ಗಿಲಕಿಗೆ ಕೈ ಚಾಚಿದರೆ ಬೆರಳು ತಿರುಚಿಕೊಳ್ಳುತ್ತವೆ, ಬಾಯಿ ಸೊಟ್ಟಗಾಗುತ್ತದೆ. ಎಷ್ಟೋ ಸಲ ಕಿವಿಯೂ ಕೇಳುವುದಿಲ್ಲ. ಸಮಯಕ್ಕೆ ಲೈಟ್ ಸಿಕ್ಕಿದ್ದರೆ ತಡೆಯಬಹುದಿತ್ತಲ್ಲ ಅಂತ ಪ್ರತಿ ಸಲ ಸಂಕಟವಾಗುತ್ತದೆ. ಕೈಮುಗಿದು ಕೇಳುತ್ತೇನೆ, ಕಾಮಣಿಗೆ ಬರೆ ಹಾಕಿಸಬೇಡಿ. ಎಳೆಬಿಸಿಲಿಗೆ ಹಿಡಿದು ಸುಮ್ನೆ ಕಾಯಬೇಡಿ. ಆಸ್ಪತ್ರೆಗೆ ಒಯ್ಯಿರಿ.

ಆಮೇಲಿನ ಫಿಟ್ಸ್, ಮೆದುಳು ಜ್ವರ, ತಲೆಗೆ ಬಿದ್ದ ಪೆಟ್ಟು ಎಲ್ಲವನ್ನೂ ಬರೆಯಿರಿ.

ಇಷ್ಟಾದರೂ ಕೆಲವರಲ್ಲಿ ಕಾರಣ ಸಿಗುವುದಿಲ್ಲ. ಸಾವಿರ ಮಕ್ಕಳು ಹುಟ್ಟಿದರೆ ಇಬ್ಬರು ಮೂವರಿಗೆ ಸೆರೆಬ್ರಲ್ ಪಾಲ್ಸಿ ಬರುತ್ತದೆ, ಶ್ರೀಮಂತ ದೇಶಗಳಲ್ಲೂ ಬರುತ್ತದೆ. ತಾಯಿಯ ತಪ್ಪಲ್ಲ.

ಕಾರಣ ಸಿಗಲಿ ಅಂತ ಥೆರಪಿ ತಡಮಾಡಬೇಡಿ. ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತಕ್ಕೂ ಕೂರದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ ಆಶಾ ಅಕ್ಕನಿಗೆ ಹೇಳಿ, ಆ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ.