ಕೀಟನ್‌ನ ರೈಲಿಗೆ ಮೃದಂಗ

ಬಸ್ಟರ್ ಕೀಟನ್‌ನ ‘ದಿ ಜನರಲ್’ ಮೂಕಿ ಚಿತ್ರ ಓಡುತ್ತಿರುವಾಗ ಪರದೆಯ ಪಕ್ಕದಲ್ಲಿ ಕುಳಿತು ನಾನು ಮೃದಂಗ ನುಡಿಸುತ್ತೇನೆ. ಜೊತೆಗೆ ಖಂಜಿರ ಎಂಬ ಕೈಗಾತ್ರದ ಚರ್ಮವಾದ್ಯದವರೊಬ್ಬರು, ಹಲ್ಲಿಗಿಟ್ಟು ಮೀಟುವ ಪುಟ್ಟ ಲೋಹವಾದ್ಯ ಮೋರ್ಸಿಂಗ್‌ನವರೊಬ್ಬರು. ಹಾಡಿಲ್ಲ, ಪಿಟೀಲಿಲ್ಲ. 1926ರ ಅಮೆರಿಕನ್ ಹಾಸ್ಯಚಿತ್ರಕ್ಕೆ ಬರೀ ಲಯವಾದ್ಯ ಸಾಕೇ ಎಂದು ಕೇಳುವವರಿದ್ದಾರೆ. ಚಿತ್ರದ ಬಹುಪಾಲು ಒಂದು ಉಗಿಬಂಡಿ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುವುದೇ ಆಗಿರುವಾಗ ಇನ್ನೇನು ಬೇಕು?

ಕಥೆಗೆ ಆಧಾರ 1862ರ ನಿಜ ಘಟನೆ. ಅಮೆರಿಕದ ಅಂತರ್ಯುದ್ಧದ ನಡುವೆ ಉತ್ತರದವರ ಗೂಢಚಾರರು ಜಾರ್ಜಿಯಾದಲ್ಲಿ ಒಂದು ರೈಲನ್ನೇ ಕದ್ದೊಯ್ದರು. ಚಿತ್ರದ ಜಾನಿ ಗ್ರೇ, ಅಂದರೆ ಕೀಟನ್, ಆ ಎಂಜಿನ್ನಿನ ಚಾಲಕ. ಕದ್ದ ರೈಲಿನಲ್ಲಿ ತನ್ನ ಹುಡುಗಿಯೂ ಇದ್ದಾಳೆಂಬುದು ಅವನಿಗೆ ಗೊತ್ತಿಲ್ಲ. ಅವನು ಓಡುವುದು ಎಂಜಿನ್ನಿಗಾಗಿ. ನಾಯಕ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದವನು, ಚಿತ್ರದಲ್ಲಿ ಅದರ ಸೊಲ್ಲೇ ಇಲ್ಲ. ಎಷ್ಟು ನಕ್ಕರೂ ಆ ಕೊರತೆ ನನಗೆ ಚುಚ್ಚುತ್ತದೆ.

ತಯಾರಿಯಲ್ಲಿ ಮೊದಲ ಕೆಲಸ, ಪ್ರದರ್ಶನಕ್ಕೆ ಯಾವ ಪ್ರತಿ ಹಾಕುತ್ತಾರೋ ಅದನ್ನೇ ತರಿಸಿಕೊಳ್ಳುವುದು. ಮೂಕಿ ಚಿತ್ರಗಳ ವೇಗ ಪ್ರತಿಯಿಂದ ಪ್ರತಿಗೆ ಬೇರೆಯಾಗುತ್ತದೆ. ಬೇರೊಂದನ್ನು ನೋಡಿ ಅಭ್ಯಾಸ ಮಾಡಿದರೆ ನಾವು ಮುಕ್ತಾಯಕ್ಕೆ ಬರುವಷ್ಟರಲ್ಲಿ ರೈಲು ಮುಂದಿನ ಊರು ಸೇರಿರುತ್ತದೆ. ಪ್ರತಿಯಲ್ಲಿ ಸೇರಿಸಿರುವ ಸಂಗೀತವನ್ನು ಪೂರ್ತಿ ನಿಲ್ಲಿಸಿ, ವಾದ್ಯ ಮುಟ್ಟದೆ, ಕೈಯಲ್ಲಿ ತಾಳ ಹಾಕುತ್ತಾ ನೋಡುತ್ತೇನೆ.

ನಡೆಯನ್ನು, ಅಂದರೆ ತಾಳದ ಒಂದೊಂದು ಪೆಟ್ಟನ್ನು ಎಷ್ಟು ಭಾಗ ಮಾಡಬೇಕೆಂಬುದನ್ನು, ಹುಡುಕಬೇಕಾಗಲಿಲ್ಲ. ಎರಡು ಸಿಲಿಂಡರಿನ ಉಗಿ ಎಂಜಿನ್ನಿನ ದೊಡ್ಡ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಕೊಳವೆಯಿಂದ ಉಗಿ ನಾಲ್ಕು ಸಲ ಬುಸುಗುಡುತ್ತದೆ. ಹುಟ್ಟಾ ಚತುರಶ್ರ, ನಾಲ್ಕರ ನಡೆ! ‘ತಕಧಿಮಿ’ ಹಿಡಿದು ಕಾಲ ಏರಿಸುತ್ತಾ ಹೋದರೆ ಬಂಡಿ ಹೊರಟೇಬಿಟ್ಟಿತು. ಜಾನಿ ಮೊದಲು ಕಾಲ್ನಡಿಗೆಯಲ್ಲೇ ಓಟ ಕಿತ್ತು, ಆಮೇಲೆ ಹಳಿಯ ಮೇಲಿನ ಕೈಗಾಡಿ ತಳ್ಳಿ, ಕೊನೆಗೆ ಹಳೆಯ ಸೈಕಲ್ಲೊಂದನ್ನು ಹತ್ತುವ ಕಡೆ ಮಾತ್ರ ಮೂರರ ತಿಶ್ರ, ಐದರ ಖಂಡ ಎಂದು ನಡೆ ಬದಲಿಸುತ್ತೇವೆ.

ಕಷ್ಟವಿರುವುದು ಎಲ್ಲಿ ನುಡಿಸಬಾರದು ಎಂಬುದರಲ್ಲಿ. ನಾನು ನಾಟಕಗಳಿಗೂ ನುಡಿಸಿದವನು. ಅಲ್ಲಿ ಹಾಸ್ಯಪಾತ್ರಧಾರಿ ಜಾರಿದರೆ ಒಂದು ಪೆಟ್ಟು, ಕಣ್ಣು ಹೊಡೆದರೆ ಒಂದು ಪೆಟ್ಟು; ನಗಬೇಕಾದ ಜಾಗವನ್ನು ತೋರಿಸಿಕೊಡುವುದೇ ನಮ್ಮ ಕೆಲಸ. ಕೀಟನ್ ಅದಕ್ಕೆ ಆಸ್ಪದವನ್ನೇ ಕೊಡುವುದಿಲ್ಲ. ಎಳೆಯ ವಯಸ್ಸಿನಲ್ಲೇ ತಂದೆ ತಾಯಿಯ ಜೊತೆ ರಂಗದ ಮೇಲಿದ್ದು, ತಂದೆಯ ಕೈಯಲ್ಲಿ ಅತ್ತಿತ್ತ ಎಸೆಸಿಕೊಂಡು ಬೆಳೆದವನು. ತಾನು ನಕ್ಕರೆ ಜನ ನಗುವುದು ಕಡಿಮೆ ಎಂಬುದನ್ನು ಅಲ್ಲೇ ಕಲಿತೆನೆಂದು ಅವನೇ ಹೇಳಿಕೊಂಡಿದ್ದಾನೆ. ಅವನೇ ಮುಖ ಬಿಗಿದು ಕುಳಿತಿರುವಾಗ ಮೃದಂಗ ಹಲ್ಲು ಕಿರಿಯಬಾರದು.

ಒಂದು ದೃಶ್ಯ ಹೇಳುತ್ತೇನೆ. ಓಡುವ ಎಂಜಿನ್ನಿನ ಮೂತಿಯ ಜಾಲರಿಯ ಮೇಲೆ ಜಾನಿ ಕುಳಿತಿದ್ದಾನೆ, ಎದೆಗೆ ಅವಚಿಕೊಂಡಿರುವುದು ಹಳಿಯಡಿ ಹಾಸುವ ಭಾರಿ ಸ್ಲೀಪರ್ ಮರ. ಮುಂದೆ ಹಳಿಗೆ ಅಡ್ಡವಾಗಿ ಇನ್ನೊಂದು ಮರ. ಕೈಯಲ್ಲಿದ್ದುದನ್ನು ಎತ್ತಿ ಅದರ ತುದಿಗೆ ಅಪ್ಪಳಿಸುತ್ತಾನೆ. ಎರಡೂ ಹಳಿಯಿಂದಾಚೆಗೆ ಹಾರುತ್ತವೆ. ಇದರಲ್ಲಿ ಬದಲಿ ನಟನಿಲ್ಲ. ಗುರಿ ತಪ್ಪಿದ್ದರೆ ಏನಾಗುತ್ತಿತ್ತೋ. ಆ ಏಟಿಗೆ ಒಂದು ‘ಧೀಂ’ ಹಾಕಲು ಯಾವ ಮೃದಂಗದವನ ಕೈಯಾದರೂ ತುರಿಸುತ್ತದೆ. ನಾವು ಹಾಕುವುದಿಲ್ಲ. ಏನೂ ಆಗಿಲ್ಲವೆಂಬಂತೆ ತಕಧಿಮಿ ಸಾಗುತ್ತದೆ, ಎಂಜಿನ್ನಿಗೆ ಇದೆಲ್ಲ ಏನು ಗೊತ್ತು. ನಗು ಅರೆ ಕ್ಷಣ ತಡವಾಗಿ, ಆದರೆ ಹೊಟ್ಟೆಯಿಂದ ಬರುತ್ತದೆ.

ಸೇತುವೆಯ ದೃಶ್ಯಕ್ಕೆ ನಾವು ಹೆಚ್ಚು ಜಗಳವಾಡಿದ್ದೇವೆ. ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ, 1926ರ ಜುಲೈನಲ್ಲಿ, ಉರಿಯುವ ಸೇತುವೆಯ ಮೇಲೆ ನಿಜವಾದ ಎಂಜಿನ್ನನ್ನೇ ಓಡಿಸಿ ನದಿಗೆ ಬೀಳಿಸಿದರು. ಆ ಒಂದು ದೃಶ್ಯಕ್ಕೆ ಸುಮಾರು 42,000 ಡಾಲರ್ ಆಯಿತೆನ್ನುತ್ತಾರೆ. ಅಷ್ಟು ದೊಡ್ಡ ಬೀಳುವಿಕೆಗೆ ಮೂರು ವಾದ್ಯಗಳೂ ಮೊರೆಯಬೇಡವೇ? ನನ್ನ ಲೆಕ್ಕ ಬೇರೆ. ಸೇತುವೆ ಭಾರ ತಡೆಯುತ್ತದೆಂದು ಹೇಳಿ ರೈಲು ಬಿಡಿಸಿದ ಸೇನಾಧಿಕಾರಿಯ ಪೆಚ್ಚು ಮುಖ ಮರುಕ್ಷಣವೇ ಪರದೆಯ ಮೇಲೆ ಬರುತ್ತದೆ. ನಗು ಇರುವುದು ಆ ಮುಖದಲ್ಲಿ. ಎಂಜಿನ್ ಸೇತುವೆಗೆ ಕಾಲಿಟ್ಟೊಡನೆ ಎಲ್ಲರೂ ಕೈ ಎತ್ತಿಬಿಡುತ್ತೇವೆ, ಬೀಳುವಾಗಲೂ ಸದ್ದಿಲ್ಲ. ಮುಖ ಕಂಡಾಗ ಮೋರ್ಸಿಂಗ್ ಒಂದೇ ಒಂದು ‘ಟೊಂಯ್’. ಸಭೆ ಬಿದ್ದು ಬಿದ್ದು ನಗುತ್ತದೆ.

ಎಂಜಿನ್ನಿನ ಒಲೆಗೆ ಕಡ್ಡಿಯಷ್ಟು ಸೌದೆ ಹಾಕುವ ಹುಡುಗಿಯ ಮೇಲೆ ಜಾನಿ ರೇಗಿ, ಕುತ್ತಿಗೆ ಹಿಸುಕಲು ಹೋಗಿ, ಹಾಗೆಯೇ ಮುತ್ತು ಕೊಡುವ ಕಡೆ ನಾವು ನುಡಿಸುವುದೇ ಇಲ್ಲ. ನಾವೂ ನೋಡುತ್ತೇವೆ.

ಕೊನೆಯ ದೃಶ್ಯದಲ್ಲಿ ಜಾನಿ ಸೇನಾಧಿಕಾರಿಯಾಗಿದ್ದಾನೆ. ಎಂಜಿನ್ನಿನ ಗಾಲಿಯ ದಂಡದ ಮೇಲೆ ಹುಡುಗಿಯೊಡನೆ ಕುಳಿತರೆ ದಾಟಿಹೋಗುವ ಸೈನಿಕರೆಲ್ಲರೂ ಸಲಾಮು ಹೊಡೆಯುತ್ತಾರೆ. ಜಾಗ ಬದಲಿಸಿ ಕುಳಿತು, ಮುತ್ತು ಬಿಡದೆಯೇ ಬಲಗೈಯಲ್ಲಿ ಸಲಾಮು ಹೊಡೆಯುತ್ತಾ ಹೋಗುತ್ತಾನೆ. ಒಂದೊಂದು ಸಲಾಮಿಗೂ ಒಂದೊಂದು ಪೆಟ್ಟು ಬೇಕೇ ಬೇಕೆಂದು ಖಂಜಿರದವರ ಹಠ, ಬೇಡವೆಂದು ನನ್ನದು. ಪ್ರದರ್ಶನಕ್ಕೆ ಮುಂಚೆ ಒಪ್ಪಿಕೊಳ್ಳುತ್ತಾರೆ, ಪರದೆಯ ಮುಂದೆ ಕುಳಿತಾಗ ಹೊಡೆದೇ ಹೊಡೆಯುತ್ತಾರೆ. ಜನ ಚಪ್ಪಾಳೆ ತಟ್ಟುವುದರಿಂದ ನಾನೂ ಸುಮ್ಮನಿದ್ದೇನೆ.