ಬಿಸಿ ತಟ್ಟೆಯ ಪಕ್ಕದ ಗಾಳಿಗೆ ನಾನೇ ಕಟ್ಟಿದ ಥರ್ಮೋಕಪಲ್

ಬಿಸಿ ಮಾಡಿದ ಲೋಹದ ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿದರೆ ಪಕ್ಕದ ಗಾಳಿ ಮೆಲ್ಲಗೆ ಮೇಲೇಳುತ್ತದೆ. ಆ ತೆಳು ಪದರದಲ್ಲಿ ಉಷ್ಣತೆ ಹೇಗೆ ಇಳಿಯುತ್ತದೆ ಎಂದು ನಾನು ಅಳೆಯಬೇಕಿತ್ತು. ತಟ್ಟೆ 60 ಡಿಗ್ರಿ, ಕೋಣೆಯ ಗಾಳಿ 25. ತಟ್ಟೆಯಿಂದ ಮೊದಲ ಒಂದು ಮಿಲಿಮೀಟರಿನಲ್ಲೇ ಸುಮಾರು 6 ಡಿಗ್ರಿ ಇಳಿದುಬಿಡುತ್ತದೆ. ಈ ಇಳಿತ ಸರಿಯಾಗಿ ಸಿಕ್ಕರೆ ತಟ್ಟೆ ಗಾಳಿಗೆ ಎಷ್ಟು ಶಾಖ ಕೊಡುತ್ತಿದೆ ಎಂದು ಲೆಕ್ಕ ಹಾಕಬಹುದು.

ಅಳೆಯಲು ಆರಿಸಿದ್ದು ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿಗಳನ್ನು ಬೆಸೆದು, ಆ ಬೆಸುಗೆ ಇರುವಲ್ಲಿನ ಉಷ್ಣತೆ ಅಳೆಯುವ ಸಾಧನ. ತಂತಿ ಸಪೂರ ಇದ್ದರೆ ಸಾಕು ಅಂದುಕೊಂಡಿದ್ದೆ. 50 ಮೈಕ್ರಾನಿನ ಕ್ರೋಮೆಲ್, ಅಲ್ಯುಮೆಲ್ (ಎರಡೂ ನಿಕಲ್ ಮಿಶ್ರಲೋಹಗಳು) ತಂತಿಗಳನ್ನು ಪಿಂಗಾಣಿ ಕೊಳವೆಯಲ್ಲಿ ತೂರಿಸಿ, ತುದಿಯನ್ನು ನೇರ ತಟ್ಟೆಯ ಕಡೆ ಚಾಚಿದೆ. ದೂರಕ್ಕೆ ತಕ್ಕಂತೆ ಉಷ್ಣತೆ ತೋರಿಸುವ ಗ್ರಾಫಿನ ಗೆರೆಯನ್ನು ತಟ್ಟೆಯವರೆಗೆ ಎಳೆದರೆ 56ಕ್ಕೆ ನಿಲ್ಲುತ್ತಿತ್ತು. ತಟ್ಟೆಯೊಳಗೆ ಹುದುಗಿಸಿದ ಥರ್ಮೋಕಪಲ್ 60 ಎನ್ನುತ್ತಿತ್ತು. ಎರಡು ದಿನ ಸುಮ್ನೆ ಕ್ಯಾಲಿಬ್ರೇಶನ್ ಮೇಲೆ ಅನುಮಾನಪಟ್ಟೆ.

ತಪ್ಪು ಇದ್ದದ್ದು ತಂತಿಯ ದಿಕ್ಕಿನಲ್ಲಿ. ತುದಿ ಮಾತ್ರ ಬಿಸಿ ಗಾಳಿಯಲ್ಲಿ, ಹಿಂದಿನ ತಂತಿಯೆಲ್ಲ ತಣ್ಣನೆಯ ಗಾಳಿಯಲ್ಲಿ. ಗಾಳಿ ತುದಿಗೆ ಶಾಖ ಕೊಡುವುದು ನಿಧಾನ, ಲೋಹ ಅದನ್ನು ಹಿಂದಕ್ಕೆ ಸಾಗಿಸುವುದು ಬೇಗ, ಅಲ್ವಾ? ಹೀಗೆ ಸೋರಿದ್ದೇ ಆ 4 ಡಿಗ್ರಿಯ ಬಹುಪಾಲು.

ಆಮೇಲೆ ಬಿಲ್ಲಿನ ಹೆದೆಯ ಹಾಗೆ ಕಟ್ಟಿದೆ. 16 ಮಿಲಿಮೀಟರ್ ದೂರದಲ್ಲಿ ಎರಡು ಕಡ್ಡಿ, ನಡುವೆ ತಟ್ಟೆಗೆ ಸಮಾನಾಂತರವಾಗಿ, ಅಡ್ಡಡ್ಡ ಬಿಗಿದ ತಂತಿ, ಸರಿಯಾಗಿ ಮಧ್ಯದಲ್ಲಿ ಬೆಸುಗೆ. ಅದರ ಎರಡೂ ಕಡೆ 8 ಮಿಲಿಮೀಟರ್, ಅಂದರೆ ವ್ಯಾಸದ 160 ಪಟ್ಟು ಉದ್ದದ ತಂತಿ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ ಇರುತ್ತದೆ. ಶಾಖ ಸೋರಲು ಕಾರಣವೇ ಉಳಿಯುವುದಿಲ್ಲ. ಗೆರೆ 60ರ ಹತ್ತಿರ ಹೋಗಿ ಮುಟ್ಟಿದಾಗ ಆದ ಖುಷಿ ಇನ್ನೂ ನೆನಪಿದೆ. ಒಂದು ತಂತಿ ತಾಮ್ರದ್ದೇ ಆಗಿರುವ ಟಿ ಟೈಪ್ ಥರ್ಮೋಕಪಲ್ ಈ ಕೆಲಸಕ್ಕೆ ಬೇಡ. ತಾಮ್ರ ಕ್ರೋಮೆಲ್‌ಗಿಂತ ಸುಮಾರು 20 ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ.

ಬೆಸುಗೆಗೆ ತಂತಿಗಳನ್ನು ಹೊಸೆದರೆ ದಪ್ಪ ಗುಂಡು ಆಗುತ್ತದೆ. ತುದಿಗೆ ತುದಿ ತಾಗಿಸಿ, ಕೆಪಾಸಿಟರ್ ಡಿಸ್ಚಾರ್ಜ್‌ನಿಂದ (ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಹರಿಸಿ) ಬೆಸೆಯುವುದೇ ಒಳ್ಳೆಯದು. ಹತ್ತು ಸಲ ಮಾಡಿದರೆ ಎರಡೋ ಮೂರೋ ಸರಿ ಬರುತ್ತಿದ್ದವು. 25 ಮೈಕ್ರಾನ್ ತಂತಿ ಇನ್ನೂ ಚುರುಕು, ಆದರೆ ಬಿಗಿಯುವಾಗಲೇ ತುಂಡಾಗುತ್ತಿತ್ತು. ಇಷ್ಟು ನಿಧಾನದ ಗಾಳಿಗೆ ಅದು ಬೇಕಾಗಿಯೂ ಇರಲಿಲ್ಲ.

ಉಳಿದದ್ದು ದೂರದ ಲೆಕ್ಕ. 0.1 ಮಿಲಿಮೀಟರ್ ತಪ್ಪಿದರೂ 0.6 ಡಿಗ್ರಿ ವ್ಯತ್ಯಾಸ. ತಟ್ಟೆಗೆ ಕನ್ನಡಿಯಂತೆ ಪಾಲಿಶ್ ಕೊಟ್ಟು, ಪಕ್ಕದಿಂದ ಲೆನ್ಸ್‌ನಲ್ಲಿ ನೋಡಿದೆ. ತಂತಿಗೂ ಅದರ ಪ್ರತಿಬಿಂಬಕ್ಕೂ ಇರುವ ಅಂತರದ ಅರ್ಧವೇ ತಟ್ಟೆಯಿಂದ ತಂತಿಯ ದೂರ. ತಟ್ಟೆ ಬಿಸಿಯಾದ ಮೇಲೆ ಇದನ್ನು ಇನ್ನೊಮ್ಮೆ ನೋಡಲೇಬೇಕು, ಏಕೆಂದರೆ ತಟ್ಟೆಯೂ ಅದರ ಸ್ಟ್ಯಾಂಡೂ ಅಷ್ಟರಲ್ಲಿ ಹಿಗ್ಗಿರುತ್ತವೆ.